ವಿದ್ಯುಜ್ಜಾಲದ ಮಿತಭಾಷಿ ದೂತ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ನನಗೂ ಒಂದು ದಿನವನ್ನು ಗೊತ್ತುಪಡಿಸಿದಾಗ, ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಮಾತುಗಳನ್ನಾಡುವೆನೆಂದು ನೀವೆಲ್ಲರೂ ಭಾವಿಸಿದ್ದಿರಬಹುದು. ಮೂವತ್ತು ವರ್ಷಗಳಿಂದ ಇದೇ ಪಡಸಾಲೆಯಲ್ಲಿ ಮಕ್ಕಳಿಂದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುತ್ತ ಬಂದವನಿಂದ ಬೇರೇನನ್ನು ನಿರೀಕ್ಷಿಸುವುದು? ಆದರೆ ಸನ್ನಿಧಾನದವರು, "ನಮ್ಮ ಟೀಸಿಯ ಪೆಟ್ಟಿಗೆಯ ವಿಚಾರವನ್ನು ನೀವೇ ಹೇಳಬೇಕು" ಎಂದು ಅಪ್ಪಣೆ ಕೊಡಿಸಿದರು. 'ನೀವೇ' ಎಂಬ ಶಬ್ದದ ಮೇಲೆ ಅವರು ಕೊಂಚ ಭಾರವನ್ನಿಟ್ಟು ನುಡಿದರು. ಅದರ ಕಾರಣವು ನನಗೂ ಗೊತ್ತು. ನಿಮ್ಮಲ್ಲಿ ಹಲವರಿಗೂ ಗೊತ್ತು. ಆ ಕಾರಣವನ್ನು ಉಪನ್ಯಾಸದ ಕೊನೆಯಲ್ಲಿ ಮರೆಮಾಚದೆ ನಿವೇದಿಸುತ್ತೇನೆ.

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಈ ಪಾಠಶಾಲೆಯಲ್ಲಿಯೇ ಓದಿ ಮುಂದೆ ಎಂಜಿನಿಯರಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ವರ್ಷಗಳ ಕಾಲ ತಾಳ್ಮೆಯಿಂದ ನನಗೆ ತಿಳಿಯಹೇಳಿದುದನ್ನು ಯಥಾಮತಿಯಾಗಿ ನಿಮ್ಮ ಮುಂದಿಡುತ್ತೇನೆ. ವಿದ್ಯುಜ್ಜಾಲದ ಸ್ಥಿತಿಗತಿಗಳನ್ನು ಅತ್ಯಲ್ಪ ಶಕ್ತಿಯಲ್ಲಿ ಮಾತನಾಡುವ ಮೊಬೈಲು ಜಾಲದ ಮುಖಾಂತರ ಕ್ಷಣಕ್ಷಣಕ್ಕೂ ತಿಳಿದುಕೊಳ್ಳುವ ಕ್ರಮವೆಂತಹದು, ಅದರಿಂದ ಆಗುವುದೇನು, ಆಗದಿರುವುದೇನು ಎಂಬುದೇ ಇಂದಿನ ವಿಷಯ.

ಮೊದಲು ವಿದ್ಯುತ್ತಿನ ಸ್ವಭಾವವನ್ನು ನೋಡೋಣ. ಜೋಳವನ್ನು ಬೆಳೆದವನು ಅದನ್ನು ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆದುಕೊಳ್ಳುವನು. ವಿದ್ಯುತ್ತು ಹಾಗಲ್ಲ. ಬ್ಯಾಟರಿಗಳಲ್ಲಿಯೂ ಎತ್ತರದ ಜಲಾಶಯಗಳಲ್ಲಿಯೂ ಕೂಡಿಡುವ ಉಪಾಯಗಳು ಇಂದು ಬೆಳೆಯುತ್ತಿದ್ದರೂ, ಬಹುಭಾಗವು ಉತ್ಪತ್ತಿಯಾದ ಕ್ಷಣದಲ್ಲಿಯೇ ವ್ಯಯವಾಗತಕ್ಕದ್ದು. ನಮ್ಮ ದೇಶದ ಜಾಲದಲ್ಲಿ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತನೆಗಳಂತೆ ಹರಿಯುವುದು. ಬೇಡಿಕೆಯು ಉತ್ಪತ್ತಿಯನ್ನು ಮೀರಿದೊಡನೆ ಈ ಆವರ್ತನೆಯು ಕುಗ್ಗುವುದು. ಬೇಡಿಕೆ ತಗ್ಗಿದರೆ ಹಿಗ್ಗುವುದು. ಆದುದರಿಂದ ಎಲ್ಲಿ ಎಷ್ಟು ಹರಿಯುತ್ತಿದೆ ಎಂಬುದನ್ನು ಅರಿಯದೆ ಈ ಜಾಲವನ್ನು ನಡೆಸುವುದು ಕಣ್ಣು ಕಟ್ಟಿಕೊಂಡು ಬಂಡಿ ಹೊಡೆದಂತೆಯೇ ಸರಿ.

ನಮ್ಮ ನಾಡು ಈ ವಿದ್ಯೆಯಲ್ಲಿ ಹಿಂದುಳಿದುದಲ್ಲ. 1902ರಲ್ಲಿಯೇ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ, ಸುಮಾರು 92 ಮೈಲಿಗಳಷ್ಟು ದೂರ, ವಿದ್ಯುತ್ತನ್ನು ತಂತಿಯ ಮೇಲೆ ಸಾಗಿಸಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿದುವು. ಅಂದು ಒಂದು ನದಿ, ಒಂದು ತಂತಿ, ಒಂದು ಗಣಿ. ಇಂದೋ ಇಡೀ ಭಾರತವು ಒಂದೇ ಜಾಲ. 2012ರ ಜುಲೈ 30 ಮತ್ತು 31ರಂದು ಉತ್ತರದ ಹಾಗೂ ಪೂರ್ವದ ಜಾಲಗಳು ಕುಸಿದು, ಅರುವತ್ತು ಕೋಟಿಗೂ ಮೀರಿದ ಜನರ ನಾಡುಗಳು ಕತ್ತಲೆಯಲ್ಲಿ ಮುಳುಗಿದುವು. ಆಗ ದಕ್ಷಿಣದ ಜಾಲವು ಅವುಗಳೊಡನೆ ಏಕತಾಳದಲ್ಲಿ ಕೂಡಿರಲಿಲ್ಲವಾದ ಕಾರಣ ನಮಗೆ ಆ ಪೆಟ್ಟು ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು ಸೋಲಾಪುರಗಳ ನಡುವಣ 765 ಕಿಲೋವೋಲ್ಟ್ ಮಾರ್ಗದಿಂದ ನಾವೂ ಆ ಮಹಾಜಾಲದಲ್ಲಿ ಸೇರಿದೆವು. ಲಾಭದಲ್ಲಿ ಪಾಲುಗಾರರಾದಂತೆ ಅಪಾಯದಲ್ಲಿಯೂ ಪಾಲುಗಾರರಾದೆವು.

ಈ ಮಹಾಜಾಲದ ಹೆದ್ದಾರಿಗಳಿಗೆ ಕಾವಲು ಚೆನ್ನಾಗಿಯೇ ಇರುವುದು. ದೊಡ್ಡ ದೊಡ್ಡ ಉಪಕೇಂದ್ರಗಳಲ್ಲಿ ಅಳತೆಯ ಯಂತ್ರಗಳು ಸೆಕೆಂಡಿಗೆ ಹಲವಾರು ಸಲ ಲೆಕ್ಕವನ್ನೊಪ್ಪಿಸುತ್ತಿರುವುವು. ಗಾಜಿನೆಳೆಯ ಮಾರ್ಗವಾಗಿ ಆ ಲೆಕ್ಕವು ನಿಯಂತ್ರಣ ಕೇಂದ್ರಗಳನ್ನು ಮುಟ್ಟುವುದು. ಆದರೆ ಹೆದ್ದಾರಿಯಿಂದ ಇಳಿದು ಬಂಡಿದಾರಿಗೆ ಬಂದೆವೆಂದರೆ ಕಾವಲಿಲ್ಲ. ಊರ ಹೊರಗೆ ಎರಡು ಕಂಬಗಳ ನಡುವೆ ಕುಳಿತಿರುವ, ಹಳ್ಳಿಗರು ಟೀಸಿಯೆಂದು ಕರೆಯುವ ಪರಿವರ್ತಕವನ್ನು ನೆನೆಯಿರಿ. 11 ಕಿಲೋವೋಲ್ಟಿನ ಒತ್ತಡವನ್ನು ಇಳಿಸಿ ನಮ್ಮ ಮನೆಗಳಿಗೂ ಪಂಪುಗಳಿಗೂ ತಕ್ಕಂತೆ ಮಾಡಿಕೊಡುವುದೇ ಅದು. ಅದರ ಎಣ್ಣೆ ಎಷ್ಟು ಕಾದಿದೆ, ಮೂರು ತಂತಿಗಳಲ್ಲಿ ಯಾವುದರ ಮೇಲೆ ಭಾರ ಹೆಚ್ಚಿದೆ ಎಂಬುದನ್ನು ಬಲ್ಲವರು ಯಾರು? ಹೊಗೆ ಎದ್ದ ಮೇಲೆ ಊರಿಗೆಲ್ಲ ತಿಳಿಯುವುದು; ಅದಕ್ಕೆ ಮುಂಚೆ ಯಾರಿಗೂ ತಿಳಿಯದು.

ಪರಿವರ್ತಕವು ಒಮ್ಮೆಗೇ ಸಾಯುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಅದರ ಒಳಗಣ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಸುರುಳಿಗಳಿಗೆ ಕಾಗದದ ಹೊದಿಕೆ ಇರುವುದು. ಅತ್ಯಂತ ಕಾದ ಭಾಗದಲ್ಲಿ ಉಷ್ಣವು 98 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದ ಬಳಿಕ, ಪ್ರತಿ ಆರು ಡಿಗ್ರಿಗಳ ಏರಿಕೆಗೂ ಆ ಕಾಗದವು ಸವೆಯುವ ವೇಗವು ಇಮ್ಮಡಿಯಾಗುವುದೆಂದು ಅಂತರರಾಷ್ಟ್ರೀಯ ಮಾನಕವು ಲೆಕ್ಕ ಹಾಕಿರುವುದು. ಹನ್ನೆರಡು ಡಿಗ್ರಿ ಏರಿದರೆ ನಾಲ್ಮಡಿ, ಹದಿನೆಂಟು ಏರಿದರೆ ಎಂಟುಮಡಿ. ಎಂದರೆ ಬೇಸಿಗೆಯ ಕೆಲವು ಮಧ್ಯಾಹ್ನಗಳು ಅದರ ಆಯುಷ್ಯದ ಎಷ್ಟೋ ತಿಂಗಳುಗಳನ್ನು ನುಂಗಿಬಿಡುವುವು. ಅದು ಬಹುಕಾಲ ಮೌನವಾಗಿ ಬಳಲಿ ಕಡೆಗೊಂದು ದಿನ ಸುಡುವುದು. ಆ ಬಳಲಿಕೆಯನ್ನು ಮೊದಲೇ ಕೇಳಿಸಿಕೊಳ್ಳಬೇಕೆಂಬುದೇ ನಮ್ಮ ಪ್ರಕೃತ ವಿಷಯದ ಬೀಜ.

ಹಾಗಾದರೆ ಹೇಳಬೇಕಾದುದೆಷ್ಟು? ಇಲ್ಲಿಯೇ ಸೋಜಿಗವಿರುವುದು. ಹೇಳಬೇಕಾದುದು ಬಹಳ ಸ್ವಲ್ಪ. ಒತ್ತಡಗಳು ಮೂರು, ಪ್ರವಾಹಗಳು ಮೂರು, ಎಣ್ಣೆಯ ಉಷ್ಣವೊಂದು, ಎಣ್ಣೆಯ ಮಟ್ಟವೊಂದು, ವೇಳೆಯೊಂದು. ಇಷ್ಟನ್ನೂ ಬರೆಯಲು ಸುಮಾರು ನೂರು ಅಕ್ಷರಗಳ ಜಾಗ ಸಾಕೆಂದು ಇಟ್ಟುಕೊಳ್ಳಿ. ಹದಿನೈದು ನಿಮಿಷಕ್ಕೊಮ್ಮೆ ಹೇಳಿದರೆ ದಿನಕ್ಕೆ 96 ಸಲವಾಯಿತು, 9,600 ಅಕ್ಷರಗಳು. ಇಡೀ ತಿಂಗಳ ವರದಿಯು ಮೂರು ಲಕ್ಷ ಅಕ್ಷರಗಳನ್ನೂ ಮುಟ್ಟುವುದಿಲ್ಲ. ಇಂದಿನ ಮೊಬೈಲಿನಲ್ಲಿ ನೀವು ತೆಗೆದು ಕಳುಹಿಸುವ ರಥೋತ್ಸವದ ಒಂದು ಭಾವಚಿತ್ರಕ್ಕೆ ಇದಕ್ಕಿಂತ ಹೆಚ್ಚಿನ ಜಾಗ ಬೇಕು. ಸೂತ್ರವೆಂದರೆ ಅಲ್ಪ ಅಕ್ಷರಗಳುಳ್ಳದ್ದು, ಸಂದೇಹಕ್ಕೆಡೆಯಿಲ್ಲದ್ದು, ಸಾರವುಳ್ಳದ್ದು ಎಂದು ನಾವು ಪಾಠದ ಮೊದಲ ದಿನವೇ ಹೇಳಿಕೊಡುತ್ತೇವೆ. ಪರಿವರ್ತಕಕ್ಕೆ ಬೇಕಾದುದು ಸೂತ್ರಭಾಷೆ, ಪುರಾಣವಲ್ಲ.

ಆದರೆ ಮೊಬೈಲು ಜಾಲವನ್ನು ಕಟ್ಟಿದವರು ಪುರಾಣವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ಮನುಷ್ಯರ ಸಂಭಾಷಣೆ, ಚಿತ್ರ, ಚಲಚ್ಚಿತ್ರಗಳು ಅಗಲವಾಗಿ ಹರಿಯಲೆಂದು. ಸೂತ್ರಭಾಷೆಯ ಯಂತ್ರಗಳಿಗಾಗಿ ಬೇರೊಂದು ಸಣ್ಣ ದಾರಿ ಬೇಕೆಂದು ಲೋಕದ ದೂರಸಂಪರ್ಕ ತಜ್ಞರ ಕೂಟವು ನಿಶ್ಚಯಿಸಿ, 2016ರ ಜೂನ್ ತಿಂಗಳಲ್ಲಿ ಅದರ ನಿಯಮಗಳನ್ನು ಪೂರ್ತಿಗೊಳಿಸಿತು. ಅವುಗಳಲ್ಲಿ ಎರಡು ಮುಖ್ಯವಾದುವು. ಒಂದರ ಹೆಸರು ಎನ್‌ಬಿ-ಐಒಟಿ. ಇನ್ನೊಂದರ ಹೆಸರು ಎಲ್‌ಟಿಇ-ಎಂ. ಮೊದಲನೆಯದು ಅತಿ ಕಿರಿದು, ಅತಿ ನಿಧಾನ. ಸ್ಥಿರವಾಗಿ ಒಂದೆಡೆಯಲ್ಲಿರುವ ವಸ್ತುಗಳಿಗೆ ಹೇಳಿದ್ದು. ಎರಡನೆಯದು ಕೊಂಚ ಅಗಲ, ಕೊಂಚ ವೇಗ. ಚಲಿಸುವ ವಸ್ತುಗಳಿಗೂ ಸಲ್ಲುವುದು. ನಮ್ಮ ಟೀಸಿಯು ಎಲ್ಲಿಗೂ ನಡೆದು ಹೋಗುವುದಿಲ್ಲವಾದ ಕಾರಣ ಮೊದಲನೆಯದನ್ನೇ ಕುರಿತು ಹೇಳುತ್ತೇನೆ.

ಎನ್‌ಬಿ-ಐಒಟಿಯ ಗುಟ್ಟುಗಳು ಮೂರು. ಮೊದಲನೆಯದು ಕಿರಿದಾದ ದಾರಿ. ಬಾವಿಯಿಂದ ಎತ್ತಿದ ನೀರನ್ನು ಹೊಲದ ತುಂಬ ಬಿಟ್ಟರೆ ನಾಲ್ಕು ಮಾರು ಹೋಗುವುದರೊಳಗೆ ಇಂಗುವುದು. ಅದೇ ನೀರನ್ನು ಕಿರುಗಾಲುವೆಯಲ್ಲಿ ಹರಿಯಬಿಟ್ಟರೆ ತೋಟದ ಕೊನೆಯ ಗಿಡವನ್ನೂ ಮುಟ್ಟುವುದು. ಸಾಮಾನ್ಯ ಮೊಬೈಲು ಜಾಲವು 10 ಅಥವಾ 20 ಮೆಗಾಹರ್ಟ್ಸ್ ಅಗಲದ ಹೊಲದಲ್ಲಿ ಹರಿದರೆ, ಇದು ಬರಿಯ 180 ಕಿಲೋಹರ್ಟ್ಸ್ ಅಗಲದ ಕಾಲುವೆಯಲ್ಲಿ ಹರಿಯುವುದು. ಅದರಲ್ಲಿಯೂ ಪೆಟ್ಟಿಗೆಯು ತಾನು ಮಾತನಾಡುವಾಗ 3.75 ಕಿಲೋಹರ್ಟ್ಸಿನ ಒಂದೇ ಎಳೆಯಲ್ಲಿ ತನ್ನ ಎಲ್ಲ ಬಲವನ್ನೂ ಕೂಡಿಸಬಲ್ಲುದು. ಆ ಬಲವಾದರೂ ಎಷ್ಟು? ಹೆಚ್ಚೆಂದರೆ ಒಂದು ವಾಟಿನ ಐದನೆಯ ಒಂದು ಭಾಗ. ಇದಕ್ಕಾಗಿ ಹೊಸ ಭೂಮಿಯನ್ನು ಕೊಳ್ಳಬೇಕಾಗಿಯೂ ಇಲ್ಲ. ಎರಡು ಹೊಲಗಳ ನಡುವಣ ಬದುವಿನಲ್ಲಿ ನಮ್ಮ ರೈತರು ಔಡಲವನ್ನೋ ತೊಗರಿಯನ್ನೋ ಬಿತ್ತುವಂತೆ, ದೊಡ್ಡ ತರಂಗಪಟ್ಟಿಗಳ ನಡುವೆ ರಕ್ಷಣೆಗೆಂದು ಬಿಟ್ಟಿರುವ ಬರಿಯ ಅಂಚಿನಲ್ಲಿಯೂ ಇದು ಬೆಳೆಯಬಲ್ಲುದು.

ಎರಡನೆಯ ಗುಟ್ಟು ಆವೃತ್ತಿ. ಒಂದು ಸಲ ಹೇಳಿದುದು ಕೇಳಿಸದಿದ್ದರೆ ಇದು ಮತ್ತೆ ಹೇಳುವುದು, ಮತ್ತೆ ಹೇಳುವುದು. ಪೆಟ್ಟಿಗೆಯಿಂದ ಟವರಿಗೆ 128 ಸಲದವರೆಗೆ, ಟವರಿನಿಂದ ಪೆಟ್ಟಿಗೆಗೆ 2,048 ಸಲದವರೆಗೆ ಒಂದೇ ಮಾತನ್ನು ಪುನಃ ಪುನಃ ಹೇಳಲು ನಿಯಮದಲ್ಲಿ ಅವಕಾಶವಿದೆ. ಕೇಳುವವನು ಆ ಎಲ್ಲ ಅಸ್ಪಷ್ಟ ಉಚ್ಚಾರಗಳನ್ನೂ ಒಂದರ ಮೇಲೊಂದು ಕೂಡಿಸಿ ಅರ್ಥವನ್ನು ಬಿಡಿಸಿಕೊಳ್ಳುವನು. ಬೆಳಗಿನ ಜಾವದಲ್ಲಿ ಅಮರಕೋಶವನ್ನು ಒಪ್ಪಿಸುವ ಮಕ್ಕಳ ಧ್ವನಿಯು ಗಾಳಿಯಲ್ಲಿ ಒಮ್ಮೆ ತೇಲಿದರೆ ಅಡುಗೆಮನೆಯವರಿಗೆ ಏನೂ ತಿಳಿಯದು. ಹತ್ತು ಸಲ ತೇಲಿದರೆ ಅಡುಗೆಯವರಿಗೂ ಅದು ಬಾಯಿಪಾಠವಾಗುವುದನ್ನು ನಾನು ಕಂಡಿದ್ದೇನೆ. ಈ ಎರಡು ಉಪಾಯಗಳ ಫಲವಾಗಿ, ಹಳೆಯ ಜಿಪಿಆರ್‌ಎಸ್ ಪದ್ಧತಿಗೆ ಕೇಳಿಸುತ್ತಿದ್ದುದಕ್ಕಿಂತ ನೂರುಪಾಲು ಕ್ಷೀಣವಾದ ಧ್ವನಿಯೂ ಇದಕ್ಕೆ ಕೇಳಿಸಬೇಕೆಂದು ಗುರಿಯಿಟ್ಟು ಇದನ್ನು ರಚಿಸಿದರು. ಆದುದರಿಂದಲೇ ನೆಲಮಾಳಿಗೆಯ ಮೀಟರು, ಕಬ್ಬಿಣದ ಪೆಟ್ಟಿಗೆಯೊಳಗಣ ಮೀಟರು, ಗುಡ್ಡದ ಮರೆಯ ಟೀಸಿ ಇವೆಲ್ಲಕ್ಕೂ ಬಾಯಿ ಬಂದುದು.

ಮೂರನೆಯ ಗುಟ್ಟು ನಿದ್ರೆ. ಹೇಳಬೇಕಾದುದನ್ನು ಹೇಳಿ ಮುಗಿಸಿದೊಡನೆ ಈ ಯಂತ್ರವು ಮಲಗಿಬಿಡುವುದು. ಟವರು ಅದನ್ನು ಮರೆಯುವುದಿಲ್ಲ. ಹೆಸರನ್ನು ದಾಖಲೆಯಲ್ಲಿ ಉಳಿಸಿಕೊಂಡಿರುವುದು. ನಿಯಮದ ಪ್ರಕಾರ ಒಂದು ವರ್ಷಕ್ಕೂ ಮೀರಿ ಅದು ಹಾಗೆ ಮಲಗಿರಬಹುದು. ಆದರೆ ಗಾಢನಿದ್ರೆಯಲ್ಲಿರುವಾಗ ಇದನ್ನು ಹೊರಗಿನಿಂದ ಎಬ್ಬಿಸಲಾಗದು. ತನ್ನ ಸಮಯಕ್ಕೆ ತಾನೇ ಏಳಬೇಕು. ಇನ್ನೊಂದು ವಿಧದ ಕೋಳಿನಿದ್ರೆಯೂ ಉಂಟು. ಅದರಲ್ಲಿ ಗೊತ್ತಾದ ಅವಧಿಗೊಮ್ಮೆ, ಹೆಚ್ಚೆಂದರೆ ಸುಮಾರು ಮೂರು ಗಂಟೆಗೊಮ್ಮೆ, ಕಿವಿಗೊಟ್ಟು ಯಾರಾದರೂ ಕರೆಯುತ್ತಿರುವರೇ ಎಂದು ಆಲಿಸಿ ಮತ್ತೆ ಮಲಗುವುದು. ಅಪರೂಪಕ್ಕೆ ಮಾತನಾಡುವ ಯಂತ್ರವು ಹೀಗೆ ಮಲಗಿದ್ದರೆ ಒಂದೇ ಬ್ಯಾಟರಿಯ ಮೇಲೆ ಹತ್ತು ವರ್ಷಗಳವರೆಗೆ ಬಾಳಬಲ್ಲುದೆಂದು ರಚಕರ ಎಣಿಕೆ.

ಇಲ್ಲಿ ಒಬ್ಬ ವಿದ್ಯಾರ್ಥಿಯು ನನ್ನನ್ನು ಕೇಳಿದನು: "ಗುರುಗಳೇ, ವಿದ್ಯುತ್ತಿನ ಮಡಿಲಲ್ಲಿಯೇ ಕುಳಿತಿರುವ ಮೀಟರಿಗೆ ಬ್ಯಾಟರಿಯ ಚಿಂತೆ ಏಕೆ?" ಪ್ರಶ್ನೆಯು ಯುಕ್ತವಾಗಿದೆ. ಮನೆಯ ಮೀಟರಿಗೂ ಟೀಸಿಯ ಪೆಟ್ಟಿಗೆಗೂ ಆ ಚಿಂತೆಯಿಲ್ಲ. ಅವುಗಳಿಗೆ ಮೊದಲೆರಡು ಗುಟ್ಟುಗಳೇ ಮುಖ್ಯ. ಆದರೆ ಎರಡು ಸಂದರ್ಭಗಳಲ್ಲಿ ಮಿತವ್ಯಯವು ಪ್ರಾಣದಷ್ಟೇ ಮುಖ್ಯವಾಗುವುದು.

ಒಂದು, 11 ಕಿಲೋವೋಲ್ಟ್ ತಂತಿಗೆ ಅಲ್ಲಲ್ಲಿ ಕಚ್ಚಿಸಿರುವ ದೋಷಸೂಚಕಗಳು. ತಂತಿಯು ಮರದ ಮೇಲೆ ಬಿದ್ದಾಗ ಉಪಕೇಂದ್ರದಿಂದ ಆ ಸ್ಥಳದವರೆಗೆ ಅತಿಯಾದ ಪ್ರವಾಹವು ನುಗ್ಗುವುದು, ಅದರಾಚೆಗೆ ನುಗ್ಗುವುದಿಲ್ಲ. ಆದುದರಿಂದ 'ನಾನು ಕಂಡೆ' ಎಂದು ಹೇಳಿದ ಕೊನೆಯ ಸೂಚಕಕ್ಕೂ 'ನಾನು ಕಾಣಲಿಲ್ಲ' ಎಂದ ಮೊದಲನೆಯ ಸೂಚಕಕ್ಕೂ ನಡುವೆಯೇ ದೋಷವಿರತಕ್ಕದ್ದು. ತರ್ಕಶಾಸ್ತ್ರದ ಅನ್ವಯ ವ್ಯತಿರೇಕಗಳನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದೃಷ್ಟಾಂತವನ್ನು ನಾನು ಕಂಡಿಲ್ಲ. ನಮ್ಮೂರಿನ ಲೈನ್‌ಮನ್ನರು ಮಳೆಗಾಲದ ರಾತ್ರಿಯಲ್ಲಿ ಕೈದೀಪ ಹಿಡಿದು, ಹಳ್ಳ ದಾಟಿ, ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಬಿದ್ದ ತಂತಿಯನ್ನು ಕತ್ತಲೆಯಲ್ಲಿ ಹುಡುಕುವವನ ಜೀವವು ಆ ತಂತಿಯ ಮೇಲೆಯೇ ಇರುವುದು. ಹುಡುಕಬೇಕಾದ ಎಂಟು ಮೈಲಿಗಳು ಒಂದು ಮೈಲಿಯಾದರೆ ಅವರ ಮನೆಯವರ ಎದೆಯ ಭಾರವೂ ಅಷ್ಟು ಇಳಿಯುವುದು.

ಇನ್ನೊಂದು, ಎಂಜಿನಿಯರುಗಳು ಕೊನೆಯುಸಿರಿನ ಸಂದೇಶವೆಂದು ಕರೆಯುವಂಥದು. ವಿದ್ಯುತ್ತು ಹೋದಾಗ ಮೀಟರೂ ಸಾಯುವುದಷ್ಟೆ? ಆದರೆ ಅದರೊಳಗೆ ಕೆಲವು ಕ್ಷಣಗಳಿಗಾಗುವಷ್ಟು ಶಕ್ತಿಯನ್ನು ಹಿಡಿದಿಡುವ ಸಣ್ಣ ಭಾಗವೊಂದಿದ್ದರೆ, ಆ ಕ್ಷಣಗಳಲ್ಲಿಯೇ ಅದು 'ಇಲ್ಲಿ ವಿದ್ಯುತ್ತು ಹೋಯಿತು' ಎಂದು ಹೇಳಿ ಕಣ್ಮುಚ್ಚುವುದು. ಅಷ್ಟು ಸ್ವಲ್ಪ ಶಕ್ತಿಯಲ್ಲಿ ಹೇಳಿ ಮುಗಿಸಬೇಕಾದರೆ ಮಿತಭಾಷಿಯೇ ಆಗಿರಬೇಕು. ಇಲ್ಲಿ ಒಂದು ತೊಡಕೂ ಉಂಟು. ಇಡೀ ಪಟ್ಟಣಕ್ಕೆ ವಿದ್ಯುತ್ತು ಹೋದರೆ ಸಾವಿರಾರು ಮೀಟರುಗಳು ಒಮ್ಮೆಗೇ ಕೂಗುವುವು. ಸಂತೆಯ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ಆದುದರಿಂದ ಒಂದೊಂದೂ ಸ್ವಲ್ಪ ಹಿಂದುಮುಂದಾಗಿ ಮಾತನಾಡುವಂತೆಯೂ, ಮನೆಗಳೆಲ್ಲವೂ ಕೂಗದೆ ಟೀಸಿಯೊಂದೇ ಕೂಗಿದರೆ ಸಾಕೆಂಬಂತೆಯೂ ಏರ್ಪಾಟು ಮಾಡಬೇಕಾಗುವುದು.

ಇದರಿಂದ ಲೆಕ್ಕದಲ್ಲಿ ಆಗುವ ಪ್ರಯೋಜನವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಟೀಸಿಯಿಂದ ಹೊರಟ ವಿದ್ಯುತ್ತು ಇಷ್ಟು, ಅದರ ಕೆಳಗಣ ಎಲ್ಲ ಮನೆಗಳನ್ನೂ ಮುಟ್ಟಿದುದು ಇಷ್ಟು ಎಂದು ಒಂದೇ ವೇಳೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ, ನಡುವೆ ಸೋರಿದುದು ತಾನಾಗಿ ಕಾಣುವುದು. ನಮ್ಮ ರಾಜ್ಯದಲ್ಲಿ ಮೈಸೂರು ನಗರದ ಒಂದು ಭಾಗದಲ್ಲಿ, ಇಪ್ಪತ್ತು ಸಾವಿರಕ್ಕೂ ಮೀರಿದ ಗ್ರಾಹಕರನ್ನೊಳಗೊಂಡು, ಇಂತಹ ಬುದ್ಧಿವಂತ ಜಾಲದ ಮೊದಲ ಪ್ರಯೋಗವೊಂದು ಹಿಂದಿನ ದಶಕದಲ್ಲಿ ನಡೆಯಿತು. 2021ರಲ್ಲಿ ಕೇಂದ್ರ ಸರಕಾರವು ವಿತರಣೆಯ ಸುಧಾರಣೆಗೆಂದು ಮೂರು ಲಕ್ಷ ಕೋಟಿ ರೂಪಾಯಿಗಳಿಗೂ ಮೀರಿದ ಯೋಜನೆಯೊಂದನ್ನು ಒಪ್ಪಿ, 25 ಕೋಟಿ ಮೀಟರುಗಳ ಗುರಿಯನ್ನಿಟ್ಟಿತು. ಇಷ್ಟೊಂದು ಬಾಯಿಗಳಿಗೆ ದಾರಿ ಮಾಡಿಕೊಡುವ ಸಾಧನಗಳಲ್ಲಿ ಈ ಕಿರುದಾರಿಯೂ ಒಂದು.

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚಿಡುವುದು ಪಂಡಿತನ ಧರ್ಮವಲ್ಲ. ಇದರ ಮಿತಿಗಳನ್ನೂ ಬಿನ್ನವಿಸುತ್ತೇನೆ.

ಮೊದಲನೆಯದಾಗಿ, ಈ ದೂತನು ನಿಧಾನಿ. ಧ್ವನಿ ಕ್ಷೀಣವಾಗಿರುವೆಡೆಯಲ್ಲಿ ಪುನಃ ಪುನಃ ಹೇಳಿ ಮುಟ್ಟಿಸುವುದರಲ್ಲಿ ಹತ್ತು ಸೆಕೆಂಡುಗಳವರೆಗೂ ಆಗಬಹುದು. ತಂತಿಯಲ್ಲಿ ದೋಷವುಂಟಾದಾಗ ವಿದ್ಯುತ್ತನ್ನು ಕಡಿಯುವ ಕೆಲಸವೋ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಆಗಬೇಕು. ಅದನ್ನು ಸ್ಥಳದಲ್ಲಿಯೇ ಇರುವ ರಕ್ಷಣಾ ಯಂತ್ರವೇ ಮಾಡತಕ್ಕದ್ದು. ವಾರ್ತೆಯನ್ನು ತರುವವನ ಕೈಗೆ ಕತ್ತಿಯನ್ನು ಕೊಡಬಾರದು.

ಎರಡನೆಯದಾಗಿ, ದಾರಿಯು ಶಾಶ್ವತವೆಂದು ನಂಬಬಾರದು. ಮೀಟರು ಹತ್ತು ಹದಿನೈದು ವರ್ಷ ಗೋಡೆಯ ಮೇಲಿರುವುದು. ಮೊಬೈಲು ಜಾಲಗಳ ಮನಸ್ಸು ಅಷ್ಟು ಸ್ಥಿರವಲ್ಲ. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಸಂಸ್ಥೆಯು ತನ್ನ ಎರಡನೆಯ ತಲೆಮಾರಿನ ಜಾಲವನ್ನು 2016ರಲ್ಲಿಯೂ ಮೂರನೆಯದನ್ನು 2024ರಲ್ಲಿಯೂ ಮುಚ್ಚಿತು. ಎನ್‌ಬಿ-ಐಒಟಿಯನ್ನೇ ಜಪಾನಿನ ಡೊಕೊಮೊ ಸಂಸ್ಥೆಯು 2020ರಲ್ಲಿ ನಿಲ್ಲಿಸಿತು. ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯು 2025ರಲ್ಲಿ ನಿಲ್ಲಿಸಿ ಎಲ್‌ಟಿಇ-ಎಂ ಒಂದನ್ನೇ ಉಳಿಸಿಕೊಂಡಿತು. ಆದುದರಿಂದ ಎರಡು ದಾರಿಗಳನ್ನೂ ಬಲ್ಲ ಯಂತ್ರವನ್ನು ಆರಿಸುವುದು, ದಾರಿಯು ಎಷ್ಟು ವರ್ಷ ತೆರೆದಿರುವುದೆಂಬ ಮಾತನ್ನು ಕರಾರಿನಲ್ಲಿ ಬರೆಯಿಸಿಕೊಳ್ಳುವುದು ವಿವೇಕ.

ಮೂರನೆಯದಾಗಿ, ಕಳ್ಳಕಿವಿ. 2015ರ ಡಿಸೆಂಬರಿನಲ್ಲಿ ಉಕ್ರೇನ್ ದೇಶದ ವಿದ್ಯುತ್ ವಿತರಣಾ ಸಂಸ್ಥೆಗಳ ಗಣಕಗಳೊಳಗೆ ದೂರದಿಂದ ನುಸುಳಿದ ದುಷ್ಟರು ಎರಡು ಲಕ್ಷಕ್ಕೂ ಹೆಚ್ಚಿನ ಗ್ರಾಹಕರ ವಿದ್ಯುತ್ತನ್ನು ಕಡಿದರು. ಅದು ಈ ಕಿರುದಾರಿಯಿಂದ ಆದುದಲ್ಲ. ಆದರೂ ಬಾಗಿಲುಗಳು ಹೆಚ್ಚಿದಷ್ಟೂ ಬೀಗಗಳು ಹೆಚ್ಚಬೇಕೆಂಬ ಪಾಠವು ಅದರಲ್ಲಿದೆ. ಕಳ್ಳರಿಲ್ಲದಿದ್ದರೂ ಇನ್ನೊಂದು ಅಂಜಿಕೆಯಿರುವುದು. ಹದಿನೈದು ನಿಮಿಷಕ್ಕೊಮ್ಮೆ ಮನೆಯ ಬಳಕೆಯನ್ನು ಬರೆದಿಟ್ಟರೆ, ಆ ಮನೆಯವರು ಎಷ್ಟು ಹೊತ್ತಿಗೆ ಏಳುವರು, ಯಾವ ದಿನ ಊರಲ್ಲಿಲ್ಲ ಎಂಬುದೆಲ್ಲ ಅಂಕಿಗಳಲ್ಲಿಯೇ ಓದಬರುವುದು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ತೀರ್ಪು ಕೊಟ್ಟರು. ಆ ವ್ಯಾಜ್ಯವನ್ನು ಹೂಡಿದವರು ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಟೀಸಿಯ ಲೆಕ್ಕವು ಊರಿನ ಲೆಕ್ಕ. ಅದನ್ನು ಬಯಲಿನಲ್ಲಿ ಓದಬಹುದು. ಮನೆಯ ಲೆಕ್ಕವು ಮನೆಯದು; ಅದಕ್ಕೆ ಬಾಗಿಲಿರಬೇಕು.

ಮಹಾಶಯರೇ, ಇನ್ನು ನಾನು ಮೊದಲು ಮುಂದಕ್ಕೆ ಹಾಕಿದ ಮಾತು. ನಾಲ್ಕನೆಯ ಮಿತಿಯೆಂದು ಅದನ್ನೇ ಹೇಳಬಹುದು.

ನಮ್ಮ ಶ್ರೀಮಠದ ಬಳಿಯ ಟೀಸಿಗೆ ಇಂತಹ ಪೆಟ್ಟಿಗೆಯೊಂದನ್ನು ಪ್ರಯೋಗಾರ್ಥವಾಗಿ ಜೋಡಿಸಿ ಮೂರು ವರ್ಷಗಳಾದುವು. ಎಣ್ಣೆಯ ಉಷ್ಣವು ಮಿತಿಮೀರಿದರೆ ಪಟ್ಟಣಕ್ಕೂ ಶ್ರೀಮಠದ ಮೊಬೈಲಿಗೂ ಎಚ್ಚರಿಕೆ ಬರುವಂತೆ ಗೊತ್ತುಮಾಡಿದ್ದರು. ಆ ಮೊಬೈಲು ನನ್ನ ವಶದಲ್ಲಿತ್ತು. ಎಚ್ಚರಿಕೆ ಬಂದೊಡನೆ ಲೈನ್‌ಮನ್ನರಿಗೆ ತಿಳಿಸುವುದು, ಹಿಟ್ಟಿನ ಗಿರಣಿಯವರಿಗೂ ತೋಟದವರಿಗೂ ಹೇಳಿ ಸರದಿಯ ಮೇಲೆ ಪಂಪುಗಳನ್ನು ನಿಲ್ಲಿಸುವುದು ಇಷ್ಟೇ ನನ್ನ ಕೆಲಸ. ನಿಜವನ್ನು ಹೇಳುವುದಾದರೆ, ನನಗೆ ಈ ಉಸಾಬರಿಯು ಮೊದಲಿನಿಂದಲೂ ಬೇಡವಾಗಿತ್ತು. ಕೆಲವು ಸಲ ಸುಳ್ಳೆಚ್ಚರಿಕೆಗಳು ಬಂದುದೂ ಉಂಟು.

ಆ ಬೇಸಿಗೆಯ ಒಂದು ದಿನ ನಾನು ಕಾರಕಪ್ರಕರಣವನ್ನು ಪಾಠ ಹೇಳುತ್ತಿದ್ದೆನು. ಹನ್ನೊಂದು ಗಂಟೆಯ ಸುಮಾರಿಗೆ ಮೊಬೈಲು ಸದ್ದು ಮಾಡಿತು. ನೋಡಿದೆನು, ಟೀಸಿಯದು. ಪಾಠ ಮುಗಿಯಲೆಂದು ಅದನ್ನು ಗಾದಿಯ ಕೆಳಗಿಟ್ಟೆನು. ಪಾಠ ಮುಗಿಯಿತು, ಪ್ರಸಾದವಾಯಿತು, ಸ್ವಲ್ಪ ಅಡ್ಡಾದೆನು. ಗಾದಿಯ ಕೆಳಗೆ ಅದು ಇನ್ನೂ ಎರಡು ಸಲ ಸದ್ದು ಮಾಡಿದುದು ನನಗೆ ತಿಳಿಯಲಿಲ್ಲ. ನಾಲ್ಕು ಗಂಟೆಗೆ ಮಕ್ಕಳು ಓಡಿಬಂದು ಟೀಸಿಯಿಂದ ಹೊಗೆ ಬರುತ್ತಿದೆಯೆಂದರು. ಪಟ್ಟಣದಲ್ಲಿ ಅದನ್ನು ಯಾರು ನೋಡಿದರೋ ಬಿಟ್ಟರೋ ಅದು ನನ್ನ ವಿಚಾರವಲ್ಲ. ನನಗೆ ಬಂದ ಮಾತನ್ನು ನಾನು ಕೇಳಲಿಲ್ಲ.

ಬೇರೆ ಟೀಸಿಯು ಬರಲು ಎಂಟು ದಿನಗಳಾದುವು. ಆ ಎಂಟು ದಿನ ಊರಿನ ತಾಯಂದಿರು ಹಳೆಯ ಬಾವಿಯಿಂದ ನೀರು ಹೊತ್ತರು. ಪ್ರಸಾದನಿಲಯದ ಮಕ್ಕಳು ಪರೀಕ್ಷೆಯ ಮುಂಚೆ ಚಿಮಣಿಯ ಬೆಳಕಿನಲ್ಲಿ ಓದಿದರು. ಕೆರೆಯಾಚೆಯ ಎಲೆಬಳ್ಳಿಯ ತೋಟವೊಂದು ಒಣಗಿತು. ಆ ತೋಟದ ಯಜಮಾನರು ಒಂದು ಸಂಜೆ ಇದೇ ಪಡಸಾಲೆಗೆ ಬಂದು ಕಂಬಕ್ಕೊರಗಿ ಕುಳಿತರು. ಬಹಳ ಹೊತ್ತಿನ ಮೇಲೆ, "ಶಾಸ್ತ್ರಿಗಳ, ಆ ಪೆಟಗಿ ಮೊದಲ ಹೇಳಿತ್ತಂತಲ್ರೀ, ಖರೇನ?" ಎಂದು ಕೇಳಿದರು. "ಹೇಳಿತ್ತು" ಎಂದೆನು. ಅವರು ಬೇರೇನನ್ನೂ ಕೇಳಲಿಲ್ಲ. ಎದ್ದು ಕೈಮುಗಿದು ಹೋದರು. ಅವರು ನಾಲ್ಕು ಕಟುನುಡಿಗಳನ್ನಾಡಿದ್ದರೆ ನನ್ನ ಭಾರವು ಅಷ್ಟು ಹಗುರಾಗುತ್ತಿತ್ತು.

ಅಂದಿನಿಂದ ಶ್ರೀಮಠದಲ್ಲಿ ಒಂದು ಏರ್ಪಾಟು ನಡೆದುಬಂದಿದೆ. ಆ ಮೊಬೈಲು ಈಗ ಗಾದಿಯ ಕೆಳಗಿಲ್ಲ. ಹಿರಿಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ಸರದಿಯ ಮೇಲೆ ಅದನ್ನು ಕಾಯುವರು. ಬಂದ ಎಚ್ಚರಿಕೆ, ಬಂದ ವೇಳೆ, ಮಾಡಿದ ಕ್ರಮ ಎಂಬ ಮೂರು ಕಲಮುಗಳ ಪುಸ್ತಕವೊಂದಿದೆ. ಪ್ರತಿ ಸಂಜೆ ಅದಕ್ಕೆ ನಾನು ರುಜು ಹಾಕುತ್ತೇನೆ. ಸುಳ್ಳೆಚ್ಚರಿಕೆಗಳನ್ನೂ ಬರೆದಿಟ್ಟು ಎಂಜಿನಿಯರಿಗೆ ತೋರಿಸಿದ ಮೇಲೆ, ಅವರು ಮಿತಿಯನ್ನು ಸರಿಪಡಿಸಿ ಅವುಗಳನ್ನು ಕಡಿಮೆ ಮಾಡಿದರು. ಅನಂತರದ ಎರಡು ಬೇಸಿಗೆಗಳಲ್ಲಿ ಎಚ್ಚರಿಕೆಗಳು ಹಲವು ಬಂದುವು; ಗಿರಣಿಯವರೂ ತೋಟದವರೂ ಪ್ರತಿಸಲವೂ ಸಹಕರಿಸಿದರು; ಟೀಸಿ ಸುಡಲಿಲ್ಲ. ಎಲೆತೋಟದ ಯಜಮಾನರು ಮತ್ತೆ ಬಳ್ಳಿ ನಟ್ಟಿದ್ದಾರೆ. ಈ ಸಭೆಯಲ್ಲಿಯೂ ಅವರು ಕುಳಿತಿದ್ದಾರೆ.

ಮಹಾಜನಗಳೇ, ಒಂದು ವಾಟಿನ ಐದನೆಯ ಭಾಗದಷ್ಟು ಬಲದಲ್ಲಿ, ಬದುವಿನ ದಾರಿಯಲ್ಲಿ, ನೂರೆಂಟು ಸಲ ಹೇಳಿಯಾದರೂ ತನ್ನ ಮಾತನ್ನು ಮುಟ್ಟಿಸುವ ದೂತನನ್ನು ಮನುಷ್ಯನ ಬುದ್ಧಿಯು ನಿರ್ಮಿಸಿದೆ. ಅವನು ತನ್ನ ಕೆಲಸವನ್ನು ಅಂದೂ ಮಾಡಿದನು. ಕೇಳಿಸಿಕೊಂಡು ಏಳುವ ಕೆಲಸವು ನಮ್ಮದು. ನಿಮ್ಮ ನಿಮ್ಮ ಗ್ರಾಮಗಳಿಗೂ ಇಂತಹ ಪೆಟ್ಟಿಗೆಗಳು ಬರಬಹುದು. ಬಂದಾಗ, ಅದು ಯಾರಿಗೆ ಹೇಳುವುದು, ಹೇಳಿದಾಗ ಯಾರು ಏಳುವರು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿ, ಹೆಸರು ಬರೆದಿಡಿರೆಂದು ಪ್ರಾರ್ಥಿಸುತ್ತೇನೆ.